ಉಣ್ಣೋರನ್ನ ಎಬ್ಬಿಸಬಾರದು

ಜೀನ್ಸ್ ಹೊಲಿಯುವ ಶೆಡ್ಡಿಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ, ನಾನು ಬುತ್ತಿ ಬಿಚ್ಚುವಾಗ ಸೂಪರ್‌ವೈಸರ್ ಹಿಂದೆ ಬಂದು ನಿಂತ. ‘ಏಮಮ್ಮಾ, ಸಂಗಟಿ ತೆಚ್ಚಿನಾವಾ?’ ಎಂದು ತೆಲುಗಿನಲ್ಲಿ, ಎಲ್ಲರಿಗೂ ಕೇಳುವಂತೆ ಕೇಳಿ ನಕ್ಕ. ಮುದ್ದೆಗೆ ತೆಲುಗಿನವರು ಸಂಗಟಿ ಅನ್ನುತ್ತಾರೆ. ಹೊಲಿಗೆ ಮಷಿನ್ನುಗಳ ಮುಂದೆ ಕೂತಿದ್ದ ಹೆಂಗಸರೂ ನಕ್ಕರು.

‘ಹೂಂ ಕಣಪ್ಪ, ತಂದಿದೀನಿ. ನಿಂಗೂ ಒಂದು ತುತ್ತು ಬೇಕಾ?’ ಅಂದೆ.

ಅವನ ನಗು ನಿಂತಿತು. ಆದರೆ ಅವತ್ತಿನಿಂದ ಆ ಶೆಡ್ಡಿನಲ್ಲಿ ನನ್ನ ಹೆಸರು ಸಂಗಟಿ ಎಂದೇ ಆಯಿತು. ಆಗಲಿ ಬಿಡು ಅಂದುಕೊಂಡೆ. ಹೊಟ್ಟೆ ತುಂಬಿಸುವ ಹೆಸರು, ಅದರಲ್ಲಿ ನಾಚಿಕೊಳ್ಳುವುದು ಏನಿದೆ?

ನಾನು ಮಡಕಶಿರಾ ಸೀಮೆಯವಳು, ಗುಡಿಬಂಡೆ ಹತ್ತಿರದ ಹಳ್ಳಿ. ನಮ್ಮಪ್ಪನ ಹೊಲದಲ್ಲಿ ರಾಗಿ, ಕಡ್ಲೆಕಾಯಿ, ನಡುನಡುವಿನ ಅಕ್ಕಡಿ ಸಾಲಿಗೆ ಅವರೆ, ಹುರುಳಿ. ಬೋರ್‌ವೆಲ್ ನೀರು ಹಾಯುವಷ್ಟು ಜಾಗದಲ್ಲಿ ಹಿಪ್ಪುನೇರಳೆ. ಆ ವರ್ಷಗಳಲ್ಲಿ ನಮ್ಮ ಕಡೆಯ ಹುಡುಗಿಯರೆಲ್ಲ ಗಾರ್ಮೆಂಟ್ಸ್ ಕೆಲಸಕ್ಕೆ ಹಿಂದೂಪುರಕ್ಕೋ ಬೆಂಗಳೂರಿಗೋ ಹೋಗುತ್ತಿದ್ದರು. ನನ್ನನ್ನು ರಾಯದುರ್ಗಕ್ಕೆ ಕೊಟ್ಟರು. ಅಲ್ಲಿ ಓಣಿಗೊಂದು ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡು. ನನ್ನ ಗಂಡ ಒಂದು ಶೆಡ್ಡಿನಲ್ಲಿ ಕಟಿಂಗ್ ಮಾಸ್ತರು, ನಾನು ಇನ್ನೊಂದರಲ್ಲಿ ಜೇಬು ಹಚ್ಚುವವಳು.

ಮನೆಯಲ್ಲಿ ಅತ್ತೆಗೂ ನನ್ನ ಮುದ್ದೆ ಕಂಡರೆ ಆಗುತ್ತಿರಲಿಲ್ಲ. ತವರಿನಿಂದ ಎರಡು ಬಸ್ಸು ಬದಲಿಸಿ ರಾಗಿ ಚೀಲ ಹೊತ್ತು ತಂದಾಗ ಅವರು ಬಾಗಿಲಲ್ಲೇ ಕೂತು ಅದನ್ನು ನೋಡಿದ ನೋಟ ನನಗಿನ್ನೂ ನೆನಪಿದೆ.

‘ಸಣ್ಣಾಕಿ ಇದ್ದಾಗ ನವಣಿ ಅನ್ನ, ಸಜ್ಜಿ ರೊಟ್ಟಿ ಉಂಡು ಉಂಡು ಸಾಕಾಗೈತಿ ನನಗ,’ ಅಂದರು. ‘ಬಿಳೀ ಅನ್ನ ಹಬ್ಬಕ್ಕೊಮ್ಮೆ ಕಾಣ್ತಿದ್ವಿ. ಈಗ ದೇವ್ರು ದಿನಾ ಕೊಟ್ಟಾನ. ನೀ ಯಾಕ ಬಡತನಾನ ಎಳಕೊಂಬಂದು ತಾಟಿನಾಗ ಹಾಕ್ತಿ?’

ಹಸಿವು ಕಂಡವರ ಮಾತು ಅದು. ‘ಬಡತನ ಅಂತ ತಿನ್ನಲ್ಲ ಅತ್ತೆ, ರುಚಿ ಅಂತ ತಿಂತೀನಿ’ ಎಂದಷ್ಟೇ ಹೇಳಿದೆ. ಅವರು ಮುಖ ತಿರುಗಿಸಿದರು. ಅವರ ಒಲೆಯ ಮೇಲೆ ಅನ್ನ, ನನ್ನ ಒಲೆಯ ಮೇಲೆ ಮುದ್ದೆ. ಹಾಗೇ ನಡೆಯಿತು.

ಶೆಡ್ಡಿನ ಕತೆ ಬೇರೆ. ಒಂದು ದಿನ ಯಾರದೋ ಡಬ್ಬಿ ಉರುಳಿ, ಜೇಬಿಗೆ ಹಚ್ಚುವ ಬಿಳಿ ಬಟ್ಟೆಯ ಗಂಟಿನ ಮೇಲೆಲ್ಲ ಬೇಳೆ ಸಾರು ಹರಿಯಿತು. ಓನರ್ ಬಂದು ನೋಡಿದರು. ಅವರೂ ಒಂದು ಕಾಲಕ್ಕೆ ಅದೇ ಊರಿನಲ್ಲಿ ಕೂಲಿಗೆ ಹೊಲಿದವರೇ, ಕೆಟ್ಟ ಮನುಷ್ಯರಲ್ಲ. ಆದರೆ ಅವತ್ತು ತಲೆ ಕೆಟ್ಟಿತ್ತು.

‘ನಾಳಿಂದ ಸಾರು, ಮುದ್ದಿ, ಪಲ್ಯ ಏನೂ ತರಬ್ಯಾಡ್ರಿ. ನಾನೇ ಬನ್ನು, ಪಫ್ಸು ತರಿಸಿ ಕೊಡ್ತೀನಿ. ಮಷಿನ್ ಮುಂದನ ತಿಂದು ಕೆಲಸ ಹಿಡೀರಿ,’ ಅಂದರು.

ಬಹಳ ಜನಕ್ಕೆ ಖುಷಿಯೇ ಆಯಿತು. ಬೆಳಗ್ಗೆ ಎದ್ದು ಬುತ್ತಿ ಕಟ್ಟುವ ಕಾಟ ತಪ್ಪಿತಲ್ಲ. ನೀರೂ ಪ್ಯಾಕೆಟ್ಟಿನಲ್ಲಿ ಬರತೊಡಗಿತು. ಮೂಲೆ ಕಚ್ಚಿ ಹೀರಿ ಎಸೆಯುವುದು. ಬಾಗಿಲ ಬಳಿ ಪ್ಲಾಸ್ಟಿಕ್ಕಿನ ಗುಡ್ಡೆ, ಅದನ್ನು ಮೂಸುವ ದನ. ಸ್ವಲ್ಪ ದಿನಕ್ಕೆ ಶುರುವಾಯಿತು ನೋಡಿ: ಒಬ್ಬಳಿಗೆ ಎದೆಯುರಿ, ಇನ್ನೊಬ್ಬಳಿಗೆ ಹೊಟ್ಟೆಯುಬ್ಬರ, ಮತ್ತೊಬ್ಬಳು ಮೂರು ದಿನದಿಂದ ಹೊರಕ್ಕೇ ಹೋಗಿಲ್ಲವೆಂದು ಅಳುವ ಮುಖ. ‘ಗ್ಯಾಸ್ ಆಗೈತಿ’ ಎನ್ನುವ ಮಾತು ಮಷಿನ್ನಿನ ಸದ್ದಿನಷ್ಟೇ ಮಾಮೂಲಾಯಿತು. ಗುಳಿಗೆ ನುಂಗುವುದು, ಸೋಡಾ ಕುಡಿಯುವುದು, ಮತ್ತೆ ಬನ್ನು ತಿನ್ನುವುದು.

ನಾನು ಮೊದಲ ದಿನವೇ ಬನ್ನು ಮುಟ್ಟಲಿಲ್ಲ. ‘ಬಟ್ಟೆ ಮೇಲೆ ಸಾರು ಚೆಲ್ಲಬಾರ್ದು, ಒಪ್ಕೊಂತೀನಿ. ನಾನು ಆಚೆ ಕೂತು ಉಂಡು ಬತ್ತೀನಿ,’ ಅಂದೆ.

‘ಆಚಿ ಎಲ್ಲೈತ್ರಿ ಜಾಗ?’ ಅಂದ ಸೂಪರ್‌ವೈಸರ್.

‘ಹಿಂದ್ಗಡೆ ಹೊಂಗೆ ಮರ ಐತಲ್ಲ, ಅದು ಯಾರ ಅಪ್ಪಣೆ ಕೇಳಿ ನೆರಳು ಕೊಡ್ತೈತೆ?’

ಮರದ ಬುಡದಲ್ಲಿ ಒಬ್ಬಳೇ ಕೂತು ಉಂಡೆ. ಕಿಟಕಿಯಿಂದ ಇಣುಕಿ ನಗುತ್ತಿದ್ದರು. ನಗಲಿ ಎಂದು ದೊಡ್ಡ ತುತ್ತು ಮಾಡಿ ನುಂಗಿದೆ. ಕೆಲವು ದಿನ ಹೀಗೇ ಕಳೆಯಿತು. ಆಮೇಲೊಂದು ಮಧ್ಯಾಹ್ನ ಬೆಳುಗುಪ್ಪ ಕಡೆಯಿಂದ ದಿನಾ ಬಸ್ಸಿಗೆ ಬರುವ ಒಬ್ಬ ಅಕ್ಕ, ಬಟ್ಟೆಯ ಗಂಟು ಹಿಡಿದು ಬಂದು ನನ್ನ ಪಕ್ಕ ನಿಂತಳು.

‘ಬನ್ನು ತಿಂದ್ರ ಹೊಟ್ಯಾಗ ಕಲ್ಲು ಕುಂತಂಗ ಆಗತೈತಿ, ತಂಗಿ. ಸರಿ ಆಕಡಿ,’ ಅಂದಳು.

ಗಂಟಿನಲ್ಲಿ ಸಜ್ಜೆ ರೊಟ್ಟಿ, ಪುಂಡಿ ಸೊಪ್ಪಿನ ಪಲ್ಯ, ಹಸಿ ಉಳ್ಳಾಗಡ್ಡಿ. ನಾನು ಮುದ್ದೆ ಮುರಿದು ಕೊಟ್ಟೆ, ಅವಳು ರೊಟ್ಟಿ ಮುರಿದು ಕೊಟ್ಟಳು. ಪುಂಡಿಯ ಹುಳಿಗೆ ನನ್ನ ಕಣ್ಣು ಮುಚ್ಚಿಹೋಯಿತು. ಅವಳು ಮುದ್ದೆಯನ್ನು ಅಗಿಯತೊಡಗಿದಳು. ‘ಅಗೀಬಾರ್ದು ಅಕ್ಕ, ನುಂಗ್ಬೇಕು’ ಅಂದರೆ, ‘ಹಲ್ಲು ಯಾಕ ಕೊಟ್ಟಾನ ದೇವ್ರು ಮತ್ತ?’ ಅಂದಳು.

ಆ ಅಕ್ಕನೇ ನನ್ನ ಹೆಮ್ಮೆಗೆ ಸೂಜಿ ಚುಚ್ಚಿದವಳು ಕೂಡ. ನಾನು ನಮ್ಮೂರ ರಾಗಿಯ ಬಗ್ಗೆ ಒಂದು ದಿನ ಬಲು ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಅವಳು ಕೇಳಿಸಿಕೊಂಡು ಅಂದಳು: ‘ನಿನ್ನ ರಾಗಿ ಎರಡು ಬಸ್ ಹತ್ತಿ ಬರತೈತಿ. ನನ್ನ ಸಜ್ಜಿ ಇಲ್ಲೇ ಹುಟ್ಟೈತಿ. ಹಠ ಮಾಡೋದಾದ್ರ ಈ ಮಣ್ಣಿಂದು ತಿಂದು ಹಠ ಮಾಡು.’

ಸಿಟ್ಟು ಬಂತು. ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದೆ, ಅವಳ ಮಾತಿನಲ್ಲಿ ಸುಳ್ಳೇನೂ ಸಿಗಲಿಲ್ಲ. ಮುಂದಿನ ಸಂತೆಯಲ್ಲಿ ಸಜ್ಜೆ, ಜೋಳ, ನವಣೆ ತಂದೆ. ಪುಟ್ಟಿಯಲ್ಲಿ ಬದನೆಕಾಯಿ, ಟೊಮೇಟೊ ಹೊತ್ತು ತರುವ ಭೈರವಾನಿತಿಪ್ಪ ಕಡೆಯ ಹೆಂಗಸರನ್ನು ಹುಡುಕಿ ಅವರಲ್ಲೇ ಕೊಳ್ಳತೊಡಗಿದೆ. ನನ್ನ ಮೊದಲ ಸಜ್ಜೆ ರೊಟ್ಟಿ ಹೆಂಚಿಗೆ ಹೋಗುವ ಮೊದಲೇ ನಾಲ್ಕು ಚೂರಾಯಿತು. ಅತ್ತೆ ದೂರದಿಂದ ನೋಡಿ, ‘ಹಿಟ್ಟಿಗೆ ಕುದಿಯೋ ನೀರು ಹಾಕ್ಬೇಕವ್ವ, ಅಷ್ಟೂ ಗೊತ್ತಿಲ್ಲೇನು?’ ಅಂದರು. ತೋರಿಸಿ ಕೊಡಲಿಲ್ಲ. ಆದರೂ ಹೇಳಿದರಲ್ಲ.

ಮರದ ಬುಡಕ್ಕೆ ಒಬ್ಬೊಬ್ಬರೇ ಬರತೊಡಗಿದರು. ಮಣ್ಣಿನ ಗಡಿಗೆ ತಂದಿಟ್ಟೆವು, ನೀರಿನ ಪ್ಯಾಕೆಟ್ಟು ಬಿಟ್ಟೆವು. ಡಬ್ಬಿ ತೊಳೆದ ನೀರನ್ನು ಒಂದೇ ಕಡೆ ಚೆಲ್ಲುತ್ತಿದ್ದೆವು. ಅಲ್ಲಿ ಯಾರೋ ಎಸೆದ ಕುಂಬಳ ಬೀಜ ಮೊಳೆತು ಬಳ್ಳಿಯಾಯಿತು. ಹೂ ಬಿಟ್ಟಾಗ ಹೆಂಗಸರೆಲ್ಲ ಮಗು ನೋಡುವವರಂತೆ ಬಗ್ಗಿ ನೋಡಿದರು.

ಆದರೆ ಆ ಜಾಗದ ಪಕ್ಕದಲ್ಲೇ ಶೆಡ್ಡಿನ ಕಟಿಂಗ್ ಚಿಂದಿಯನ್ನು ಸುಡುತ್ತಿದ್ದರು. ನಡು ಮಧ್ಯಾಹ್ನ ಕಸ ಗುಡಿಸಿ, ಚಿಂದಿ, ದಾರ, ಎಲಾಸ್ಟಿಕ್ಕು, ಪ್ಲಾಸ್ಟಿಕ್ ಕವರು ಎಲ್ಲ ಒಟ್ಟಿ ಬೆಂಕಿ ಹಾಕುವುದು. ಕಪ್ಪು ಹೊಗೆ. ಬಾಯಲ್ಲಿಟ್ಟ ತುತ್ತಿಗೆ ಸುಟ್ಟ ರಬ್ಬರಿನ ರುಚಿ. ನಾನು ಓನರ್ ಹತ್ತಿರ ಹೋಗಿ ಕೈಮುಗಿದೇ ಕೇಳಿದೆ.

‘ಎಲ್ಲಿ ಹಾಕ್ಲಿ ಅದನ್ನ? ತಲಿ ಮ್ಯಾಲೆ ಹೊತ್ಕೊಂಡು ತಿರುಗ್ಲೇನು?’ ಅಂದರು.

‘ಗಾದಿ ತುಂಬೋರಿಗೆ ಕೊಡಿ ಸಾರ್. ಕೌದಿ ಹೊಲಿಯೋರಿಗೆ ಕೊಡಿ.’

‘ಅವರನ್ನ ಹುಡುಕ್ಕೊಂಡು ನಾ ಹೋಗ್ಬೇಕೇನು? ನಡೀರಿ, ಕೆಲಸ ನೋಡ್ರಿ.’

ಅದಾಗಿ ಒಂದು ದಿನ ಬೆಂಕಿಯ ಝಳಕ್ಕೆ ಕುಂಬಳದ ಬಳ್ಳಿ ಅರ್ಧ ಸುಟ್ಟು ಸೀದುಹೋಯಿತು. ಕೈಬೆರಳಷ್ಟು ಉದ್ದದ ಹೀಚುಕಾಯಿ ಕರಕಲಾಗಿ ನೇತಾಡುತ್ತಿತ್ತು. ನನಗೆ ಅಳು ಬರಲಿಲ್ಲ, ಮೈ ಉರಿಯಿತು.

ಮರುದಿನ ಚಿಂದಿ ತಂದು ಸುರಿದರು. ಸೂಪರ್‌ವೈಸರ್ ಸೀಮೆಎಣ್ಣೆ ಡಬ್ಬ ಹಿಡಿದು ಬರುವ ಹೊತ್ತಿಗೆ ನಾನು ಆ ಗುಡ್ಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬುತ್ತಿ ಬಿಚ್ಚಿದ್ದೆ.

‘ಏಳಮ್ಮಾ!’

‘ಉಣ್ತಾ ಇದೀನಿ, ಕಾಣಲ್ವಾ?’

ಬೆಳುಗುಪ್ಪದ ಅಕ್ಕ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಹತ್ತಿ ಬಂದು ಪಕ್ಕದಲ್ಲಿ ಕೂತಳು. ‘ಗಾದಿ ಭಾಳ ಮೆತ್ತಗೈತಿ,’ ಅಂದಳು. ಕೆಳಗೆ ನಿಂತವರು ನಕ್ಕರು. ಈ ಸಲ ನಗು ನನ್ನ ಪರವಾಗಿತ್ತು.

ಓನರ್ ಓಡಿಬಂದರು. ಬಳ್ಳಾರಿಗೆ ಹೋಗುವ ಮಾಲು ಅವತ್ತೇ ಮುಗಿಯಬೇಕಿತ್ತು. ‘ಏಳ್ರಿ ಅಂದ್ರ ಏಳಬೇಕು!’ ಎಂದು ಕೂಗಿ, ಸೂಪರ್‌ವೈಸರ್ ಕೈಯಿಂದ ಡಬ್ಬ ಕಿತ್ತು ಗುಡ್ಡೆಯ ಅಂಚಿಗೆ ಎಣ್ಣೆ ಸುರಿದೇಬಿಟ್ಟರು. ವಾಸನೆ ಮೂಗಿಗೆ ಹೊಡೆಯಿತು. ಅಕ್ಕ ನನ್ನ ರಟ್ಟೆ ಹಿಡಿದು ಎಳೆದಳು. ಅರ್ಧ ರೊಟ್ಟಿ ಕೈಯಲ್ಲಿ ಹಿಡಿದು ನಾನು ಎದ್ದೆ. ‘ನಾಳಿಂದ ನೀ ಬರಬ್ಯಾಡ,’ ಅಂದರು ಓನರ್. ಹಿಂದೆ ಬೆಂಕಿ ಹೊತ್ತಿಕೊಂಡಿತು.

ಮನೆಗೆ ಬಂದಾಗ ಅತ್ತೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ನಡೆದದ್ದನ್ನು ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಒಂದೇ ಪ್ರಶ್ನೆ ಕೇಳಿದರು.

‘ಉಣ್ಣೂವಾಗ ಎಬ್ಬಿಸಿದ್ನಾ?’

‘ಹೂಂ.’

ಮೊರ ಕೆಳಗಿಟ್ಟರು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಾನು ಹಿಂದೆ ಹಿಂದೆ ಓಡಿದೆ. ಶೆಡ್ಡಿನ ಬಾಗಿಲಲ್ಲಿ ನಿಂತು, ಅಷ್ಟೂ ಮಷಿನ್ನುಗಳ ಸದ್ದಿಗೆ ಮಿಗಿಲಾಗಿ ಕೂಗಿದರು.

‘ಏನಪಾ! ನನ್ನ ಸೊಸಿ ತಿನ್ನೋದು ನನಗೂ ಸೇರಂಗಿಲ್ಲ. ಅದು ನಮ್ಮ ಮನೀ ಜಗಳ. ಆದ್ರ ಉಣ್ಣೋರನ್ನ ಎಬ್ಬಿಸ್ತಾರೇನು? ನಾಯಿ ತಿನ್ನೂವಾಗೂ ಕಲ್ಲು ಎತ್ತಂಗಿಲ್ಲ ನಾವು. ನಿಮ್ಮವ್ವನ ಜೋಡಿ ಕಳೆ ಕಿತ್ತಾಕಿ ನಾನು. ಬದುವಿನ ಮ್ಯಾಲೆ ಒಂದೇ ರೊಟ್ಟಿ ಇಬ್ಬರೂ ಹಂಚ್ಕೊಂಡು ತಿಂದೀವಿ. ಆಕಿ ಇದ್ದಿದ್ರ ಏನಂತಿದ್ಲು ನಿನಗ?’

ಬೆಳುಗುಪ್ಪದ ಅಕ್ಕ ಪೆಡಲಿನಿಂದ ಕಾಲು ತೆಗೆದಳು. ಪಕ್ಕದವಳೂ ತೆಗೆದಳು. ಸಾಲಿಗೆ ಸಾಲು ಮಷಿನ್ನು ನಿಂತವು. ಆ ಶೆಡ್ಡು ಹಗಲು ಹೊತ್ತಿನಲ್ಲಿ ಅಷ್ಟು ಸುಮ್ಮನಿದ್ದದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಓನರ್ ಮುಖ ಒರೆಸಿಕೊಂಡರು. ‘ಹಂಗಲ್ಲಬೇ ಅವ್ವಾ... ಆತು, ಬರ್ಲಿ ಬಿಡು ನಾಳಿಗೆ,’ ಅಂದರು.

ಅತ್ತೆ ನನ್ನ ಕಡೆ ನೋಡಿದರು. ಅಲ್ಲಿಗೆ ಸುಮ್ಮನಾಗಬಹುದಿತ್ತು. ನಾನು ಆಗಲಿಲ್ಲ.

‘ಹೊಗೆ ಹಾಕೋದು ನಿಲ್ಸಿದ್ರೆ ಬತ್ತೀನಿ. ಇಲ್ದಿದ್ರೆ ಇಲ್ಲ,’ ಅಂದೆ.

ಓನರ್ ಬೆನ್ನು ತಿರುಗಿಸಿ ಒಳಗೆ ನಡೆದರು. ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಮನೆಯಲ್ಲೇ ಕೂತು ಓಣಿಯವರ ಲಂಗ, ಕುಪ್ಪಸ ಹೊಲಿದೆ. ‘ನಿನ್ನ ಹಠ ನಿನಗೇ ಭಾರ ಆಗತೈತಿ ನೋಡು’ ಎಂದು ಗಂಡ ಗೊಣಗಿದರು. ಭಾರವೇ ಆಗಿತ್ತು, ಸುಳ್ಳು ಹೇಳಲಾರೆ. ಆದರೆ ಹೊತ್ತುಕೊಂಡಿದ್ದು ನಾನೇ, ಇಳಿಸುವ ಮನಸ್ಸಿರಲಿಲ್ಲ. ಒಂದು ಸಂಜೆ ಬೆಳುಗುಪ್ಪದ ಅಕ್ಕ ಬಸ್ಸು ಬಿಟ್ಟು ನಮ್ಮ ಮನೆಗೆ ಬಂದಳು. ಗಾದಿ ತುಂಬುವವನೊಬ್ಬ ತಳ್ಳುಗಾಡಿ ತಂದು ಚಿಂದಿಯ ಮೂಟೆ ಕಟ್ಟಿಕೊಂಡು ಹೋದನಂತೆ. ಓನರೇ ಹೇಳಿ ಕಳಿಸಿದ್ದರಂತೆ. ಮರುದಿನ ನಾನು ಬುತ್ತಿ ಕಟ್ಟಿಕೊಂಡು ಹೊರಟೆ.

ಎಲ್ಲ ಸರಿಹೋಯಿತು ಎಂದೇನೂ ಹೇಳುವುದಿಲ್ಲ. ಪಕ್ಕದ ಶೆಡ್ಡುಗಳಲ್ಲಿ ಹೊಗೆ ಏಳುತ್ತಲೇ ಇತ್ತು. ನಮ್ಮಲ್ಲೂ ರಜೆಯ ದಿನ ಯಾರೂ ಇಲ್ಲದಾಗ ಒಂದೊಂದು ಸಲ ಬೂದಿ ಕಾಣುತ್ತಿತ್ತು. ಕಂಡಾಗಲೆಲ್ಲ ಕೇಳುತ್ತಿದ್ದೆ. ಕುಂಬಳ ಬಳ್ಳಿ ಮತ್ತೆ ಚಿಗುರಲಿಲ್ಲ. ಆ ಜಾಗದಲ್ಲಿ ಪುಂಡಿ ಹಾಕಿದೆವು, ಅದು ಕೊಯ್ದಷ್ಟೂ ಬಂತು. ಬನ್ನಿನ ಆಟೋ ಬರುವುದು ನಿಂತದ್ದು ಯಾವಾಗ ಎಂದು ಯಾರೂ ಗಮನಿಸಲಿಲ್ಲ. ತಿನ್ನುವವರೇ ಇರಲಿಲ್ಲವಲ್ಲ.

ಅತ್ತೆ ಕೊನೆಯವರೆಗೂ ಸಜ್ಜೆ ಮುಟ್ಟಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಅವರಿಗೆ ಬಿಳಿ ಅನ್ನವೆಂದರೆ ಹಸಿವನ್ನು ಗೆದ್ದದ್ದು. ಅದನ್ನು ಕಿತ್ತುಕೊಳ್ಳಲು ನಾನು ಯಾರು? ಹಾಸಿಗೆ ಹಿಡಿದಾಗ ಅನ್ನವನ್ನೇ ಮೆತ್ತಗೆ ಮಾಡಿ, ಸಂತೆಯ ಟೊಮೇಟೊ ಸಾರು ಕಲಸಿ ಉಣಿಸಿದೆ.

ಈಗ ನಾವು ತಿಂದದ್ದೇ ಬಣ್ಣದ ಪ್ಯಾಕೆಟ್ಟಿನಲ್ಲಿ ಸಿರಿಧಾನ್ಯವಾಗಿ ಅಂಗಡಿಯಲ್ಲಿ ಕೂತಿದೆ. ಎಲ್ಲಿಯದೋ ಹೊಲದ ನವಣೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಆರೋಗ್ಯ ಎಂದು ಬರೆದು, ನವಣೆ ಬೆಳೆಯುವ ಊರಿಗೇ ಕಳಿಸುತ್ತಾರೆ. ಅದನ್ನೂ ನಾನು ಮುಟ್ಟುವುದಿಲ್ಲ. ಸಂತೆಯಲ್ಲಿ ಸೇರಿನಿಂದ ಅಳೆದು ಕೊಡುವ ಮುದುಕಿ ಇರುವವರೆಗೆ ನನ್ನ ಚೀಲ ಅಲ್ಲಿಗೇ. ಸ್ನಾನದ ನೀರು ಹಿತ್ತಲಿನ ನುಗ್ಗೆಗೆ, ಕರಿಬೇವಿಗೆ. ಬೈಯುವವರು ಬೈಯುತ್ತಾರೆ, ಸೊಪ್ಪು ಬೇಕಾದಾಗ ಅವರೇ ಬರುತ್ತಾರೆ.

ಮೊನ್ನೆ ಒಂದು ಮದುವೆಗೆ ಹೋಗಿದ್ದೆ. ಪ್ಲಾಸ್ಟಿಕ್ ಹಾಳೆ ಅಂಟಿಸಿದ ತಟ್ಟೆ ಇಟ್ಟರು. ನಾನು ಚೀಲದಿಂದ ನನ್ನ ಸ್ಟೀಲ್ ತಾಟು ತೆಗೆದು ಇಟ್ಟುಕೊಂಡೆ. ಬಡಿಸುವವನು ಪಕ್ಕದವನ ಮುಖ ನೋಡಿದ. ಎದುರಿಗೆ ಕೂತ ಹೆಂಗಸು ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

‘ಏನ್ ನೋಡ್ತೀಯಪ್ಪ, ಬಡಿಸು. ಪಲ್ಯ ಇನ್ನೊಂದು ಸೌಟು ಹಾಕು,’ ಅಂದೆ. ಹಾಕಿದ. ನಿಧಾನವಾಗಿ, ಹೊಟ್ಟೆ ತುಂಬ ಉಂಡೆ.