ರಸಮಟ್ಟ ಇಟ್ಟು ಹಾಕಿದ ನೆಲ

ಅವನ ಹೆಸರು ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ತಕ್ಕಡಿಯಣ್ಣ ಎಂದರೆ ಸಾಕಿತ್ತು. ಮೂವತ್ತೆಂಟು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ತಕ್ಕಡಿ ರಿಪೇರಿ. ಔಷಧದ ಅಂಗಡಿಯ ಪುಟ್ಟ ತಕ್ಕಡಿಯಿಂದ ಹಿಡಿದು ಗೋದಾಮಿನಲ್ಲಿ ಮೂಟೆ ತೂಗುವ ಹಲಗೆಯವರೆಗೆ ಎಲ್ಲವೂ ಅವನ ಕೈಗೆ ಬರುತ್ತಿದ್ದವು. ಮುಳ್ಳು ಕೂದಲೆಳೆಯಷ್ಟು ಆಚೀಚೆ ಇದ್ದರೂ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಊಟದ ಮೇಜಿನ ಒಂದು ಕಾಲು ಗಿಡ್ಡವಾಗಿದ್ದರೆ ಅದರಡಿ ಕಾಗದ ಮಡಿಸಿಟ್ಟ ಮೇಲೆಯೇ ತುತ್ತು ಎತ್ತುತ್ತಿದ್ದ. ಬೇರೆಯವರ ಮನೆಗೆ ಹೋದರೂ ಅಷ್ಟೆ, ಗೋಡೆಯ ಪಟ ನೆಟ್ಟಗೆ ಮಾಡದೆ ಕೂರುತ್ತಿರಲಿಲ್ಲ. ಜನ ಇದನ್ನು ಶಿಸ್ತು ಎಂದರು. ಅವನೂ ಹಾಗೆಂದೇ ನಂಬಿದ.

ಮದುವೆ ಆಗಲಿಲ್ಲ. ಅವನಿಗಿಂತ ಏಳು ವರ್ಷಕ್ಕೆ ದೊಡ್ಡವಳಾದ ಅಕ್ಕನೂ ಆಗಲಿಲ್ಲ. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಕಿರಿದಾದ ಎರಡಂತಸ್ತಿನ ಮನೆಯಲ್ಲಿ ಇಬ್ಬರೂ ಜಗಳವಾಡಿಕೊಂಡು ನೆಮ್ಮದಿಯಾಗಿದ್ದರು. ಕೆಳಗೆ ಅಡುಗೆಮನೆ, ನಡುಮನೆ, ಹಿತ್ತಲಿಗೆ ತೆರೆದುಕೊಳ್ಳುವ ಅವನ ರಿಪೇರಿ ಕೋಣೆ. ಮೇಲೆ ಮಲಗುವ ಕೋಣೆಗಳು, ಸ್ನಾನದ ಕೋಣೆ. ನಡುವೆ ಹದಿನಾಲ್ಕು ಮೆಟ್ಟಿಲು.

ಮನೆಯ ಕೆಲಸಕ್ಕೆ ಅವನು ಹೊರಗಿನವರನ್ನು ಕರೆದದ್ದಿಲ್ಲ. ಕಿಟಕಿಯ ಬಾಗಿಲು, ಹಿತ್ತಲಿನ ಬೇಲಿ, ಬಟ್ಟೆ ಒಗೆಯುವ ಕಲ್ಲಿನ ಕಟ್ಟೆ, ಎಲ್ಲವೂ ಅವನದೇ ಕೈಕೆಲಸ. ಭದ್ರವಾಗಿರುತ್ತಿದ್ದವು, ಆದರೆ ಬಳಸುವವರಿಗೆ ಸುಲಭವಾಗಿರುತ್ತಿರಲಿಲ್ಲ.

"ನೀನು ಹಾಕಿದ ನಲ್ಲಿ ಸೋರಲ್ಲ, ಒಪ್ಪಿದೆ" ಎನ್ನುತ್ತಿದ್ದಳು ಅಕ್ಕ. "ತೆರೆಯೋದಕ್ಕೆ ಮಾತ್ರ ಇಬ್ಬರು ಬೇಕು."

"ಸೋರೋ ನಲ್ಲಿ ಬೇಕಿದ್ದರೆ ಹೇಳು, ಪೇಟೆಯಿಂದ ಯಾರನ್ನಾದರೂ ಕರೆಸ್ತೀನಿ" ಎನ್ನುತ್ತಿದ್ದ ಅವನು.

ಒಂದು ಬೆಳಿಗ್ಗೆ ಅಕ್ಕ ಎಂಟನೆಯ ಮೆಟ್ಟಿಲಿಂದ ಬಿದ್ದಳು. ಸೊಂಟದ ಕೀಲು ಮುರಿಯಿತು. ಆಸ್ಪತ್ರೆಯಲ್ಲಿ ಲೋಹದ ಕೀಲು ಕೂರಿಸಿದರು. ಮನೆಗೆ ಕಳಿಸುವಾಗ ವೈದ್ಯರು ಎರಡೇ ಮಾತು ಹೇಳಿದರು: ಇನ್ನು ಮೆಟ್ಟಿಲು ಹತ್ತುವಂತಿಲ್ಲ, ಇನ್ನೊಂದು ಸಲ ಜಾರುವಂತಿಲ್ಲ. ಇಬ್ಬರಿಗೂ ಕಿರಿಯವಳಾದ ತಂಗಿಯ ಮನೆ ನಾಲ್ಕು ಬೀದಿ ಆಚೆ, ಎಲ್ಲವೂ ನೆಲಮಟ್ಟದಲ್ಲಿತ್ತು. ಅಕ್ಕನನ್ನು ಅಲ್ಲಿಗೆ ಕರೆದೊಯ್ದರು.

ತಂಗಿ ಒಳ್ಳೆಯವಳು, ಗಟ್ಟಿ ಕೈಯವಳು. ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ ದಿನಾ ಅಕ್ಕನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ತಾನೇ ಸ್ನಾನ ಮಾಡಿಸುತ್ತಿದ್ದಳು. ಬಾಗಿಲು ಮುಚ್ಚುವ ಹಾಗಿರಲಿಲ್ಲ. ಕುರ್ಚಿ, ಬಕೆಟ್ಟು, ಇಬ್ಬರು ಹೆಂಗಸರು, ಇಷ್ಟಕ್ಕೇ ಕೋಣೆ ತುಂಬಿಹೋಗುತ್ತಿತ್ತು. ತಮ್ಮ ನೋಡಲು ಹೋದಾಗ ನಡುಮನೆಯಲ್ಲಿ ಕೂತರೂ ಮಾತು ಕೇಳಿಸುತ್ತಿತ್ತು.

"ಕೈ ಎತ್ತು."

"ನನಗೆ ಗೊತ್ತು."

"ಗೊತ್ತಿದ್ದರೆ ಎತ್ತು ಮತ್ತೆ. ಈಗ ಇನ್ನೊಂದು."

"ನಿನ್ನನ್ನ ಸ್ನಾನ ಮಾಡಿಸಿ ದೊಡ್ಡವಳನ್ನಾಗಿ ಮಾಡಿದ್ದು ನಾನು!"

"ಹೌದಮ್ಮಾ. ಆಗ ನಾನು ಇಷ್ಟು ವಾದ ಮಾಡ್ತಿರಲಿಲ್ಲ."

ಹೊರಗೆ ಬಂದ ಮೇಲೆ ಅಕ್ಕ ಒದ್ದೆ ಕೂದಲು ಒರೆಸಿಕೊಳ್ಳುತ್ತಾ, ತಂಗಿಗೆ ಕೇಳಿಸದ ಹಾಗೆ ಹೇಳಿದಳು. "ನೋಡು, ನನಗೆ ಬೇರೇನೂ ಬೇಡ. ಒಳಗಿಂದ ಚಿಲಕ ಹಾಕ್ಕೊಂಡು ಸ್ನಾನ ಮಾಡಬೇಕು, ಅಷ್ಟೇ. ಅದೊಂದು ಆಗೋ ಜಾಗ ಇದ್ದರೆ ಇವತ್ತೇ ಮನೆಗೆ ಬರ್ತೀನಿ. ಇಲ್ಲದಿದ್ದರೆ ನಾನೂ ಒಂದು ಮೂಟೆ, ಇಲ್ಲಿಂದ ಎತ್ತಿ ಅಲ್ಲಿಟ್ಟರೆ ಏನು ಬಂತು?"

ಅಕ್ಕ ಯಾರ ಮುಂದೆಯೂ ಬೇಡಿದವಳಲ್ಲ. ಇದು ಬೇಡಿಕೆ ಎಂದು ಅವನಿಗೆ ಅರ್ಥವಾಯಿತು.

ಮರುದಿನವೇ ರಿಪೇರಿ ಕೋಣೆಯನ್ನು ಖಾಲಿ ಮಾಡತೊಡಗಿದ. ತಕ್ಕಡಿಗಳನ್ನು ಹೊರಗೆ ಸಾಗಿಸಿದ, ತೂಕದ ಬಟ್ಟುಗಳನ್ನು ಪೆಟ್ಟಿಗೆಗೆ ತುಂಬಿ ಮಂಚದ ಕೆಳಗೆ ತಳ್ಳಿದ. ಹೊಸ ಕೆಲಸ ಒಪ್ಪಿಕೊಳ್ಳುವುದಿಲ್ಲವೆಂದು ಬಾಗಿಲಿಗೆ ಚೀಟಿ ಅಂಟಿಸಿದ. ಹಿತ್ತಲಲ್ಲಿ ತಾನೇ ಅಗೆದು, ಬಚ್ಚಲ ನೀರಿನ ಕೊಳವೆಯನ್ನು ದೊಡ್ಡ ಮೋರಿಯವರೆಗೆ ಹೂತ. ಅಂಗೈಯ ಬೊಬ್ಬೆ ಒಡೆದಾಗ ಬಟ್ಟೆ ಸುತ್ತಿಕೊಂಡು ಗಾರೆ ಕಲಸಿದ. ಗೋಡೆಯುದ್ದಕ್ಕೂ ಹಿಡಿದುಕೊಳ್ಳಲು ಉಕ್ಕಿನ ಕಂಬಿ ಕೂರಿಸಿ, ಅದಕ್ಕೆ ತಾನೇ ಜೋತುಬಿದ್ದು ನೋಡಿದ. ಕಂಬಿ ಅಲುಗಲಿಲ್ಲ.

ಉಳಿದದ್ದು ನೆಲ. ಅದಕ್ಕೆ ಅವನು ಒಂಬತ್ತು ದಿನ ತೆಗೆದುಕೊಂಡ. ಪ್ರತಿ ಟೈಲ್ಸಿನ ಮೇಲೂ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ರಸಮಟ್ಟ ಇಟ್ಟು, ಅದರ ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತ ಮೇಲೆಯೇ ಮುಂದಿನದಕ್ಕೆ ಕೈಹಾಕುತ್ತಿದ್ದ.

ಐದನೆಯ ದಿನ ಎದುರು ಮನೆಯ ಮೇಸ್ತ್ರಿ ಬೇಲಿಯ ಮೇಲಿಂದ ಇಣುಕಿದ. ಬೀದಿಯ ಅರ್ಧ ಮನೆಗಳನ್ನು ಕಟ್ಟಿದವನು, ಕೂಗಿ ಮಾತನಾಡಿಯೇ ಅಭ್ಯಾಸ.

"ತಕ್ಕಡಿಯಣ್ಣಾ, ಭರ್ಜರಿ ಕೆಲಸ! ವಾಟ ಎಷ್ಟು ಕೊಟ್ರಿ?"

ವಾಟವೆಂದರೆ ನೀರು ತಾನಾಗಿ ಹರಿದುಹೋಗಲೆಂದು ನೆಲಕ್ಕೆ ಕೊಡುವ ಇಳಿಜಾರು. ಬಚ್ಚಲು ಕಟ್ಟುವವರು ಕರಣೆ ಹಿಡಿಯುವುದಕ್ಕೆ ಮೊದಲು ಯೋಚಿಸುವ ಸಂಗತಿ.

"ವಾಟ ಯಾಕೆ? ಅಕ್ಕನ ವಾಕರಿಗೆ ನಾಲ್ಕು ಕಾಲಿದೆ ಮೇಸ್ತ್ರಿ. ಓರೆ ನೆಲದ ಮೇಲೆ ಅದು ನಿಲ್ಲಬೇಡವಾ?"

"ಅಯ್ಯೋ, ಬೆರಳಷ್ಟು ಓರೆ ಇದ್ದರೆ ಯಾರ ಕಾಲಿಗೂ ಗೊತ್ತಾಗಲ್ಲ. ನೀರಿಗೆ ಮಾತ್ರ ಗೊತ್ತಾಗತ್ತೆ. ಇಲ್ಲದಿದ್ದರೆ ನಿಂತುಬಿಡತ್ತಲ್ಲಾ."

"ತಗ್ಗಿದ್ದ ಕಡೆ ತಾನೇ ನೀರು ನಿಲ್ಲೋದು? ಇಡೀ ನೆಲದಲ್ಲಿ ಒಂದು ತಗ್ಗು ತೋರಿಸಿ."

"ತಗ್ಗಿಲ್ಲ, ಒಪ್ಪಿದೆ. ಉಬ್ಬೂ ಇಲ್ಲವಲ್ಲ! ನೀರು ಯಾವ ಕಡೆ ಹೋಗಬೇಕು ಅಂತ ಅದಕ್ಕೆ ಹೇಳೋರ‍್ಯಾರು?" ಮೇಸ್ತ್ರಿ ನಕ್ಕ. "ಬೇಕಿದ್ದರೆ ನಾಳೆ ಬರ್ತೀನಿ. ಗಾರೆ ಇನ್ನೂ ಹಸಿ ಇದೆ, ಅರ್ಧ ದಿನದ ಕೆಲಸ."

ಒಬ್ಬ ಮನುಷ್ಯನ ಬದುಕಿನಲ್ಲಿ ಹೌದು ಎನ್ನಬೇಕಾದ ಗಳಿಗೆಗಳು ಬಹಳ ಇರುವುದಿಲ್ಲ. ಇದು ಅಂಥದ್ದೊಂದು. ಆದರೆ ಮೇಸ್ತ್ರಿ ಕಟ್ಟಿದ ಮನೆಗಳಲ್ಲಿ ಒಂದು ಹೊಸ್ತಿಲೂ ನೆಟ್ಟಗಿಲ್ಲವೆಂಬುದು ತಕ್ಕಡಿಯಣ್ಣನ ಹಳೆಯ ದೂರು. ಅಂಥವನು ತನ್ನ ನೆಲದಲ್ಲಿ ಮೂಗು ತೂರಿಸುವುದೆಂದರೇನು! "ನನ್ನ ಕೆಲಸ ನನಗೆ ಗೊತ್ತು" ಎಂದ. ಮೇಸ್ತ್ರಿ ಭುಜ ಕುಣಿಸಿ ಹೋದ.

ಕೆಲಸ ಮುಗಿದ ದಿನ ಒಂದು ಬಕೆಟ್ಟು ನೀರು ಸುರಿದು ನೋಡಿದ. ನೀರು ಹರಡಿ, ಮೂಲೆಯ ಜಾಲರಿಯಲ್ಲಿ ಇಳಿಯಿತು. ಕಾಗದದಷ್ಟು ತೆಳುವಾದ ಪದರವೊಂದು ನೆಲದ ಮೇಲೆ ಉಳಿಯಿತು. ಬಿಸಿಲು ಜೋರಾಗಿತ್ತು, ಬಾಗಿಲು ತೆರೆದಿತ್ತು. ಗಂಟೆಯೊಳಗೆ ನೆಲ ಒಣಗಿತು. ಅವನಿಗೆ ಅಷ್ಟೇ ಸಾಕಾಯಿತು. ಸೋಪಿನ ನೀರು ಹಾಕಿ ನೋಡಬೇಕೆಂದು ಹೊಳೆಯಲಿಲ್ಲ. ಕೊನೆಯದಾಗಿ ಬಾಗಿಲಿನ ಒಳಮೈಗೆ ಹಿತ್ತಾಳೆಯ ಚಿಲಕ ಹಾಕಿದ. ತಕ್ಕಡಿಯ ತೊಲೆಗೆ ಎಣ್ಣೆ ಬಿಡುವಷ್ಟು ಜೋಪಾನವಾಗಿ ಅದಕ್ಕೂ ಎಣ್ಣೆ ಬಿಟ್ಟ. ಒಂದು ಬೆರಳಿಗೆ ಸರಿಯುತ್ತಿತ್ತು.

ಮಲಗಲು ನಡುಮನೆಯಲ್ಲಿ ಮಂಚ ಹಾಕಿಟ್ಟ ಮೇಲೆ ಅಕ್ಕ ಬಂದಳು. ವಾಕರ್ ಊರಿಕೊಂಡು ಹೊಸ ಬಚ್ಚಲನ್ನೆಲ್ಲ ಸುತ್ತಿ ನೋಡಿದಳು. ಕಂಬಿಯನ್ನು ಜಗ್ಗಿ ಪರೀಕ್ಷಿಸಿದಳು. ಆಮೇಲೆ ಚಿಲಕವನ್ನು ಒಂದು ಬೆರಳಿನಿಂದ ಹಾಕಿ, ತೆಗೆದು, ಮತ್ತೆ ಹಾಕಿದಳು.

"ಪರವಾಗಿಲ್ಲ ಕಣೋ, ಇದನ್ನ ತೆರೆಯೋದಕ್ಕೆ ಇಬ್ಬರು ಬೇಡ" ಎಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಅವನು ಕೇಳಿರಲಿಲ್ಲ.

ಮೊದಲ ಸ್ನಾನ ಮುಗಿಸಿ ಹೊರಬಂದಾಗ ಅವಳ ಮುಖದಲ್ಲಿ ಹಳೆಯ ಗಣಿತದ ಟೀಚರ್ ಇದ್ದಳು. ಆದರೂ ಒಂದು ಮಾತು ಹೇಳಿದಳು. "ಕಾಲ ಕೆಳಗೆ ನೀರು ನಿಂತಿದೆಯಲ್ಲೋ."

"ಹೊಸ ನೆಲ ಅಲ್ವಾ, ಎರಡು ದಿನ. ಸರಿಹೋಗತ್ತೆ."

ಸರಿಹೋಗಲಿಲ್ಲ. ಮಳೆಮೋಡ ಕವಿದ ದಿನಗಳು ಬಂದವು, ಕಿಟಕಿ ಪುಟ್ಟದು, ನೆಲ ಒಣಗುವುದೇ ನಿಂತಿತು. ಸೋಪಿನ ನೊರೆ ಎಲ್ಲಿ ಬಿತ್ತೋ ಅಲ್ಲೇ ಕೂರುತ್ತಿತ್ತು. ಅಕ್ಕ ಹೊರಬಂದ ಕೂಡಲೇ ಅವನು ವೈಪರ್ ಹಿಡಿದು ಒಳಗೆ ಹೋಗಿ ನೀರನ್ನು ಜಾಲರಿಯತ್ತ ತಳ್ಳುತ್ತಿದ್ದ. ತಳ್ಳಿದ ನೀರು ಅರ್ಧ ಹೋಗಿ, ಅರ್ಧ ಹಿಂದಕ್ಕೆ ಬರುತ್ತಿತ್ತು. ಮೇಸ್ತ್ರಿ ಹೇಳಿದ್ದು ಸರಿ ಎಂದು ಮೂರನೆಯ ದಿನವೇ ಅವನಿಗೆ ಗೊತ್ತಾಗಿತ್ತು. ಎದುರು ಮನೆಗೆ ಹೋಗಿ ಅದನ್ನು ಹೇಳಲು ಕಾಲು ಏಳಲಿಲ್ಲ. ನೆಲ ಒಡೆದರೆ ಹತ್ತು ದಿನ ಅಕ್ಕ ತಂಗಿಯ ಮನೆಗೆ ಹೋಗಬೇಕಾಗುತ್ತದೆ ಎಂಬ ನೆಪ ಸಿಕ್ಕಿತು. ಅದು ನಿಜವೂ ಆಗಿದ್ದರಿಂದ ನೆಪವೆಂದು ಅನ್ನಿಸಲಿಲ್ಲ.

ಹದಿನೇಳನೆಯ ದಿನ ಬೆಳಿಗ್ಗೆ ಅವನು ಅಡುಗೆಮನೆಯಲ್ಲಿ ಬ್ರೆಡ್ಡು ಕೊಯ್ಯುತ್ತಿದ್ದ. ಬಕೆಟ್ಟು ಉರುಳಿದ ಸದ್ದು ಕೇಳಿತು. ಆಮೇಲೆ ಸದ್ದಿಲ್ಲ.

"ಅಕ್ಕಾ?"

"ಗಲಾಟೆ ಮಾಡಬೇಡ." ದನಿ ಬಿಗಿಯಾಗಿತ್ತು. "ಬಿದ್ದಿಲ್ಲ. ಕಂಬಿ ಹಿಡ್ಕೊಂಡಿದ್ದೀನಿ. ಕಾಲು ಊರೋಕಾಗ್ತಿಲ್ಲ, ಜಾರ್ತಾ ಇದೆ."

"ಚಿಲಕ ತೆಗಿ."

"ಯಾವ ಕೈಯಲ್ಲಿ ತೆಗೀಲಿ?"

ಅವನು ಬಾಗಿಲಿಗೆ ಭುಜ ಕೊಟ್ಟ. ಅವನೇ ಕೂರಿಸಿದ ಬಾಗಿಲು, ಅವನೇ ಹಾಕಿದ ಚಿಲಕ. ಎಲ್ಲೂ ಸಡಿಲವಿರಲಿಲ್ಲ. ಎರಡನೆಯ ಸಲ, ಮೂರನೆಯ ಸಲ ಗುದ್ದಿದ. ಐವತ್ತೊಂಬತ್ತರ ಭುಜ ನೋಯಿತೇ ಹೊರತು ಬಾಗಿಲು ಅಲುಗಲಿಲ್ಲ. ಒಳಗೆ ಅಕ್ಕನ ಉಸಿರು ಏದುಸಿರಾಗಿತ್ತು.

"ಕೈ ಸೋಲ್ತಾ ಇದೆ" ಎಂದಳು. "ಯಾರನ್ನೂ ಕರೀಬೇಡ."

ಅವನು ಬೀದಿ ದಾಟಿ ಓಡಿದ. ಮೇಸ್ತ್ರಿ ಒಂದು ಪ್ರಶ್ನೆಯನ್ನೂ ಕೇಳದೆ ಹಾರೆ ಎತ್ತಿಕೊಂಡು ಬಂದ. ಚೌಕಟ್ಟಿನ ಸಂದಿಗೆ ಹಾರೆ ತೂರಿಸಿ, ಪಾದ ಒತ್ತಿ ಒಮ್ಮೆ ಮೀಟಿದ. ಚಿಲಕ ತಿರುಪುಸಮೇತ ಕಿತ್ತು ಬಿತ್ತು. ಬಾಗಿಲು ಗೋಡೆಗೆ ಹೋಗಿ ಬಡಿಯಿತು.

ಮೇಸ್ತ್ರಿ ಥಟ್ಟನೆ ಮುಖ ತಿರುಗಿಸಿದ. ಮರ್ಯಾದಸ್ಥ. ಆದರೆ ನೋಡುವುದಕ್ಕೂ ತಿರುಗುವುದಕ್ಕೂ ನಡುವೆ ಒಂದು ಗಳಿಗೆ ಇತ್ತು, ಅಕ್ಕ ಅದನ್ನು ಕಂಡಳು. ಬೆತ್ತಲೆಯಾಗಿ, ಮೈತುಂಬ ಸೋಪು, ಎರಡು ಕೈಯಲ್ಲೂ ಕಂಬಿಗೆ ಜೋತುಬಿದ್ದವಳು, ಬಾಗಿಲಲ್ಲಿ ಇಬ್ಬರು ಗಂಡಸರು. ತಮ್ಮ ಟವೆಲ್ಲು ಹಿಡಿದು ಒಳಗೆ ಕಾಲಿಟ್ಟವನು ತಾನೂ ಜಾರಿ, ಗೋಡೆ ಹಿಡಿದು ನಿಂತ. ಅವಳನ್ನು ಹೇಗೆ ಎತ್ತಿ ತಂದನೋ ಆಮೇಲೆ ಅವನಿಗೇ ನೆನಪಿರಲಿಲ್ಲ.

ಬಟ್ಟೆ ಉಟ್ಟು ಕುರ್ಚಿಯಲ್ಲಿ ಕೂತ ಮೇಲೆ ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ತಂಗಿಗೆ ಫೋನ್ ಮಾಡು" ಎಂದಳು. "ಬಂದು ಕರ್ಕೊಂಡು ಹೋಗಲಿ."

"ಅಕ್ಕಾ, ಒಡೆದು ಮತ್ತೆ ಹಾಕ್ತೀನಿ. ಹತ್ತೇ ದಿನ. ವಾಟ ಕೊಡಿಸ್ತೀನಿ, ಮೇಸ್ತ್ರಿ ಕೈಯಲ್ಲೇ..."

"ಅವರು ಮೊದಲೇ ಹೇಳಿದ್ದರಾ?"

ಅವನು ಒದ್ದೆ ಟವೆಲ್ಲನ್ನು ಅಂಚಿಗೆ ಅಂಚು ಕೂಡಿಸಿ ಮಡಿಸತೊಡಗಿದ. ನಲವತ್ತು ವರ್ಷ ತರಗತಿ ನೋಡಿದವಳಿಗೆ ಅದರಲ್ಲೇ ಉತ್ತರ ಸಿಕ್ಕಿತು.

"ಸರಿ. ಫೋನ್ ಮಾಡು."

ಅವಳು ಹೋದ ಮೇಲೆ ಮೇಸ್ತ್ರಿ ಒಂದು ಸಂಜೆ ಬಂದು ನೆಲ ನೋಡಿದ. ಮಗ್ಗಿನಲ್ಲಿ ನೀರು ತಂದು ನಡುವೆ ಸುರಿದ. ನೀರು ಗುಂಡಗೆ ಹರಡಿ ಅಲ್ಲೇ ನಿಂತಿತು. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದ.

"ಇಂಥ ಮಟ್ಟ ನನ್ನ ಜನ್ಮದಲ್ಲಿ ನೋಡಿಲ್ಲ, ತಕ್ಕಡಿಯಣ್ಣಾ" ಎಂದ. ಅದರಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅದನ್ನು ನುಂಗುವುದು ಕಷ್ಟವಾಯಿತು. "ಒಡೆಯೋಣವಾ?"

"ಕೇಳಿ ಹೇಳ್ತೀನಿ."

ಭಾನುವಾರ ಅವನು ತಂಗಿಯ ಮನೆಗೆ ಹೋದ. ಕಿತ್ತುಬಂದ ಚಿಲಕವನ್ನು ಜೇಬಿನಲ್ಲಿಟ್ಟುಕೊಂಡಿದ್ದ. ಹೊಸ ತಿರುಪು ಹಾಕಿದರೆ ಮತ್ತೆ ಕೂರುತ್ತದೆ ಎಂದು ತೋರಿಸಲೆಂದೋ ಏನೋ, ಅವನಿಗೂ ಸ್ಪಷ್ಟವಿರಲಿಲ್ಲ. ಅಕ್ಕ ಸ್ನಾನಕ್ಕೆ ಹೊರಟಿದ್ದಳು. ನಡುಮನೆಯಲ್ಲಿ ವಾಕರ್ ನಿಲ್ಲಿಸಿ ಅವನ ಮಾತು ಕೇಳಿದಳು. ವಾಟದ ಲೆಕ್ಕ, ಒರಟು ಟೈಲ್ಸು, ದೊಡ್ಡ ಕಿಟಕಿ, ಹೊರಗಿಂದಲೂ ತೆಗೆಯಬಹುದಾದ ಚಿಲಕ.

"ಮಾಡಿಸು" ಎಂದಳು. "ನಿನಗೂ ವಯಸ್ಸಾಗತ್ತೆ. ಬೇಕಾಗತ್ತೆ."

"ನಿನಗೆ?"

ಅವಳು ವಾಕರ್ ಎತ್ತಿ ಮುಂದಿಟ್ಟಳು. "ನಾನು ಇಲ್ಲೇ ಇರ್ತೀನಿ. ಆ ಮನೇಲಿ ಇನ್ನು ನನಗೆ ಬಟ್ಟೆ ಬಿಚ್ಚೋಕಾಗಲ್ಲ."

ತಂಗಿ ಅವಳ ರಟ್ಟೆ ಹಿಡಿದು ಒಳಗೆ ಕರೆದೊಯ್ದಳು. ಬಾಗಿಲು ಎಂದಿನಂತೆ ಅರ್ಧ ತೆರೆದೇ ಇತ್ತು. ಅವನು ಅದಕ್ಕೆ ಬೆನ್ನು ಮಾಡಿ ಕೂತ. ಎದುರು ಗೋಡೆಯ ಮೇಲೆ ಕ್ಯಾಲೆಂಡರು ಓರೆಯಾಗಿ ನೇತಾಡುತ್ತಿತ್ತು. ಅವನು ಏಳಲಿಲ್ಲ.

"ಕೈ ಎತ್ತು" ಎಂದಳು ತಂಗಿ.

ಅವನು ಉತ್ತರಕ್ಕೆ ಕಾದ. ನನಗೆ ಗೊತ್ತು ಎಂದೋ, ಇನ್ನೇನೋ ಒಂದು ಚುಚ್ಚುಮಾತೋ ಬರಲಿ ಎಂದು ಕಿವಿಗೊಟ್ಟು ಕೂತ.

"ಹಾಂ. ಈಗ ಇನ್ನೊಂದು."

ಏನೂ ಕೇಳಿಸಲಿಲ್ಲ. ಅಕ್ಕ ಕೈ ಎತ್ತಿರಬೇಕು. ಮಗ್ಗಿನಿಂದ ನೀರು ಸುರಿದ ಸದ್ದು ಬಂತು. ಅದರ ಬೆನ್ನಿಗೇ, ಯಾವನೋ ಮೇಸ್ತ್ರಿ ಕಣ್ಣಂದಾಜಿನಲ್ಲಿ ಹಾಕಿದ್ದ ಆ ನೆಲದಿಂದ, ನೀರೆಲ್ಲ ಒಂದೇ ಉಸಿರಿಗೆ ಗೊಳಗೊಳನೆ ಇಳಿದುಹೋದ ಸದ್ದು.