ಪೊಕುವಾ ಕೇಳಿದ ಒಪ್ಪಿಗೆ

ಅಫ್ರಕೊಮಾಳ ಮಗಳು ಪೊಕುವಾ ನಿಂತಲ್ಲಿ ನಿಲ್ಲುವ ಪೈಕಿಯವಳಲ್ಲ. ಕುಮಾಸಿ ಮಾರುಕಟ್ಟೆಯಲ್ಲಿ ನನ್ನ ಈರುಳ್ಳಿ ಅಂಗಡಿಗೂ ಅವಳ ತಾಯಿಯ ಟೊಮೆಟೊ ಅಂಗಡಿಗೂ ನಡುವೆ ಇರುವುದು ಒಂದು ಗೋಣಿಪರದೆ. ಚಿಕ್ಕಂದಿನಲ್ಲಿ ಅದನ್ನೆತ್ತಿ ಅತ್ತಿತ್ತ ಓಡಾಡಿ ನನ್ನ ತಲೆ ತಿನ್ನುತ್ತಿದ್ದಳು. ಎಂ.ಎ. ಮುಗಿಸಿದ ಮೇಲೂ ಅದೇ ಕಥೆ, ಕೈಗೊಂದು ಫೋನು ಬಂದಿತ್ತು ಅಷ್ಟೆ.

ಆದರೆ ಆ ವಾರದ ಚಡಪಡಿಕೆಗೆ ಕಾರಣವಿತ್ತು. ಫೋನು, ಇಂಟರ್ನೆಟ್ಟು ಬಂದ ಮೇಲೆ ಜನ ಹೇಗೆ ಬದುಕುತ್ತಾರೆಂದು ಸಂಶೋಧನೆ ಮಾಡುವವರಿಗೆ ಹೊರದೇಶದ ಒಂದು ವಿಶ್ವವಿದ್ಯಾಲಯ ಫೆಲೋಶಿಪ್ ಕೊಡುತ್ತದಂತೆ. ಪೊಕುವಾ ಸಂಶೋಧನೆಗೆ ಆರಿಸಿಕೊಂಡದ್ದು ನಮ್ಮನ್ನೇ. ನಮ್ಮ ಸಾಲಿನ ಹೆಂಗಸರದ್ದೊಂದು ವಾಟ್ಸಾಪ್ ಗುಂಪಿದೆ. ಅಲ್ಲಿ ಯಾರೂ ಬರೆಯುವುದಿಲ್ಲ, ಬಾಯಲ್ಲೇ ಹೇಳಿ ಕಳಿಸುತ್ತೇವೆ. ಲಾರಿ ಎಲ್ಲಿ ಕೆಟ್ಟು ನಿಂತಿದೆ, ಯಾರ ಗಂಡ ಯಾರ ಮನೆಯಲ್ಲಿ ಕಂಡ, ಎಲ್ಲ ಅಲ್ಲೇ. ಪೊಕುವಾ ಆಯ್ಕೆಯೂ ಆಗಿದ್ದಳು. ನಮ್ಮ ಮಾತು ಬರೆದುಕೊಳ್ಳಲು ಗುಂಪಿನ ಒಡತಿಯ ಒಪ್ಪಿಗೆಯನ್ನು ಶುಕ್ರವಾರದೊಳಗೆ ಕಳಿಸದಿದ್ದರೆ ಮಾತ್ರ ಫೆಲೋಶಿಪ್ ಬೇರೆಯವರ ಪಾಲು.

ಒಡತಿ ಎಂದರೆ ಟೊಮೆಟೊ ರಾಣಿ ಕೊನಾಡು. ನಮ್ಮ ಬೆಲೆ, ನಮ್ಮ ಜಗಳ ಎರಡನ್ನೂ ತೀರ್ಮಾನಿಸುವವಳು. ಅವಳನ್ನು ಏನಾದರೂ ಕೇಳಬೇಕಾದರೆ ನೇರ ಕೇಳುವ ಪದ್ಧತಿಯಿಲ್ಲ. ಪಕ್ಕದಲ್ಲಿ ಕೂತ ಮಾತಿನವಳಿಗೆ ಹೇಳಬೇಕು, ಅವಳು ರಾಣಿಗೆ ದಾಟಿಸಬೇಕು. ಉತ್ತರವೂ ಅವಳ ಬಾಯಿಂದಲೇ ಬರಬೇಕು. ನಮ್ಮ ರಾಣಿಯ ಮಾತಿನವಳು ಬೇರೆ ಯಾರೂ ಅಲ್ಲ, ಪೊಕುವಾಳ ತಾಯಿ ಅಫ್ರಕೊಮಾ.

ಎಡವಟ್ಟಾದದ್ದು ಅಲ್ಲೇ. ಒಪ್ಪಿಗೆ ಕೇಳುವಾಗ ನೆಂಟರನ್ನು ನಡುವೆ ತರಬಾರದೆಂದು ಆ ವಿಶ್ವವಿದ್ಯಾಲಯದ ನಿಯಮ.

"ಅಮ್ಮ ಕೇಳಿದ್ರೆ ಒತ್ತಾಯ ಮಾಡಿದ ಹಾಗಾಗುತ್ತೆ ಚಿಕ್ಕಮ್ಮ," ಎಂದಳು ಪೊಕುವಾ ನನ್ನ ಹತ್ತಿರ.

"ಮತ್ತೆ ಯಾರ ಕೈಲಿ ಕೇಳಿಸ್ತೀಯ?"

"ನಾನೇ ಕೇಳ್ತೀನಿ."

ತಮಾಷೆ ಅಂದುಕೊಂಡೆ. ಪುಣ್ಯಾತ್ಗಿತ್ತಿ ಗುಂಪಿನಲ್ಲೇ, ಎಲ್ಲರೂ ಕೇಳುವಂತೆ, ರಾಣಿಯ ಹೆಸರು ಹಿಡಿದು ಮಾತಾಡಿಬಿಟ್ಟಳು. ಶುಕ್ರವಾರದೊಳಗೆ ಉತ್ತರ ಬೇಕಂತೆ.

ರಾಣಿ ಆ ಕ್ಷಣವೇ ಗುಂಪು ಬಿಟ್ಟಳು. ಹಿಂದೆಯೇ ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು. ನಾನೂ ಬಿಟ್ಟೆ, ಅದಕ್ಕೆ ನನಗೇನೂ ಬೇಸರವಿಲ್ಲ. ಸಂಜೆಯೊಳಗೆ ಪೊಕುವಾ ಇಲ್ಲದ ಹೊಸ ಗುಂಪಾಯಿತು. ಹಳೆಯದರಿಂದ ಕೊನೆಗೆ ಹೊರಬಂದವಳು ಅವಳ ತಾಯಿ.

ಮಾರನೆಯ ದಿನ ಹುಡುಗಿ ನನ್ನ ಅಂಗಡಿಯೊಳಗೆ ಹೋಗಿ ಬಂದು, ಹೋಗಿ ಬಂದು ಈರುಳ್ಳಿಯನ್ನೆಲ್ಲ ತುಳಿದಳು.

"ಅಮ್ಮನೂ ಬಿಟ್ಲು ಚಿಕ್ಕಮ್ಮ."

"ಬಿಡದೆ ಏನೇ ಮಾಡ್ತಾಳೆ? ಎಲ್ಲರೆದುರಿಗೆ ಅವಳ ಬಾಯಿಗೆ ಬೀಗ ಹಾಕಿದೆಯಲ್ಲ."

"ನಾನು ಹಾಗಂದ್ಕೊಂಡಿರ್ಲಿಲ್ಲ. ಅವರ ನಿಯಮ ಹಾಗಿತ್ತು."

"ಇಲ್ಲಿ ಹುಟ್ಟಿದವಳಿಗೆ ಇಲ್ಲಿಯ ನಿಯಮ ಗೊತ್ತಿರಲಿಲ್ವಾ? ಹೋಗು, ಪದ್ಧತಿ ಪ್ರಕಾರ ಒಂದು ಬಾಟಲಿ ಜಿನ್ ತಗೊಂಡು ಹೋಗಿ ತಪ್ಪಾಯ್ತು ಅನ್ನು."

ಗುರುವಾರ ಬಾಟಲಿ ಹಿಡಿದು ರಾಣಿಯ ಅಂಗಡಿಗೆ ಬಂದಳು, ನಾನೂ ಅಲ್ಲಿದ್ದೆ. ರಾಣಿ ಬೀಸಣಿಗೆ ಆಡಿಸುತ್ತಾ ಕೂತಿದ್ದಳು. ಅಫ್ರಕೊಮಾ ಎದ್ದು ಮಗಳಿಗೆ ಕುರ್ಚಿ ಹಾಕಿ ನೀರು ಕೊಟ್ಟಳು. ಅದು ಹೊರಗಿನವರಿಗೆ ನಾವು ಮಾಡುವ ಉಪಚಾರ.

"ನನಗೆ ಬಾಯಾರಿಲ್ಲಮ್ಮ," ಎಂದಳು ಪೊಕುವಾ.

"ಕುಡೀರಿ. ಇಲ್ಲಿ ಎಲ್ಲ ಸೌಖ್ಯ. ತಾವು ಬಂದ ಕಾರಣ?" ಎಂದಳು ತಾಯಿ.

ಪೊಕುವಾ ನೀರು ಕುಡಿದು, ತಡವರಿಸುತ್ತಾ ತಪ್ಪೊಪ್ಪಿಕೊಂಡು, ವಿಶ್ವವಿದ್ಯಾಲಯದ ನಿಯಮ ಬದಿಗಿಟ್ಟು, ಬೇಕಾದದ್ದನ್ನು ತಾಯಿಗೇ ಹೇಳಿದಳು. ತಾಯಿ ಅದನ್ನು ರಾಣಿಗೆ ದಾಟಿಸಿದಳು. ರಾಣಿ ಅವಳ ಕಿವಿಯಲ್ಲಿ ಏನೋ ಅಂದಳು.

"ರಾಣಿಯವರು ಕ್ಷಮಿಸಿದ್ದಾರೆ," ಎಂದಳು ಅಫ್ರಕೊಮಾ. "ಒಪ್ಪಿಗೆ ಇದೆ. ಹೊಸ ಗುಂಪಿಗೆ ಸೇರಿಸ್ತೀವಿ."

ಪೊಕುವಾಳ ಮುಖ ಅರಳಿತು. ಕೆಲಸ ಗೆದ್ದಿತ್ತು, ಫೆಲೋಶಿಪ್ ಅವಳದೇ. ತಾಯಿ ಕನ್ನಡಕ ಏರಿಸಿ ಅವಳ ಹೆಸರು ಸೇರಿಸಿದಳು. ಆಮೇಲೆ ಫೋನನ್ನು ತುಟಿಯ ಹತ್ತಿರ ಹಿಡಿದು, ಮಗಳ ಎದುರಿಗೇ, ಗುಂಪಿಗೆ ಹೇಳಿದಳು:

"ಅಕ್ಕಂದಿರೇ, ನಮ್ಮ ಮಾತು ಬರ್ಕೊಳ್ಳೋಕೆ ಯೂನಿವರ್ಸಿಟಿಯಿಂದ ಒಬ್ಬರು ಬಂದಿದ್ದಾರೆ. ಇನ್ಮೇಲೆ ನೋಡ್ಕೊಂಡು ಮಾತಾಡಿ."

ತಕ್ಷಣ ಪೊಕುವಾಳ ಕೈಯಲ್ಲಿ ಫೋನು ಸದ್ದು ಮಾಡಿತು. ದೇವರು ಎಲ್ಲರನ್ನೂ ಚೆನ್ನಾಗಿಟ್ಟಿರಲಿ ಎಂದು ಯಾರೋ ಹೇಳಿದ್ದರು. ಹಿಂದೆಯೇ ಇನ್ನೊಬ್ಬಳು ಅದನ್ನೇ ಹೇಳಿದಳು, ಅವಳ ಹಿಂದೆ ಮತ್ತೊಬ್ಬಳು. ಲಾರಿಯ ಸುದ್ದಿಯಿಲ್ಲ, ಯಾರ ಗಂಡನ ಸುದ್ದಿಯೂ ಇಲ್ಲ. ಪೊಕುವಾ ಪ್ರತಿಯೊಂದನ್ನೂ ಕೊನೆಯವರೆಗೆ ಕೇಳುತ್ತಾ ಅಳುತ್ತಿದ್ದಳು.