ಫ್ರಿಜ್ ರಿಪೇರಿಯವನ ಕಥೆ

ಮಾಟುಂಗದ ನಮ್ಮ ಕಾಲೇಜಿನ ಕನ್ನಡ ವಿಭಾಗದಲ್ಲಿ ಶನಿವಾರ ಮಧ್ಯಾಹ್ನ ಸಣ್ಣಕಥೆಯ ಕಮ್ಮಟ ನಡೆಯುತ್ತಿತ್ತು. ಕಲಿಯುವವರು ಏಳೆಂಟು ಮಂದಿ, ಕಲಿಸುವವರು ಮೈಸೂರು ಕಡೆಯ ಒಬ್ಬ ಸರ್. ಕಥೆಯನ್ನು ಟೈಪ್ ಮಾಡಿ, ಹೆಸರು ಹಾಕದೆ, ಮೇಜಿನ ಮೇಲಿನ ರಟ್ಟಿನ ಡಬ್ಬಿಗೆ ಹಾಕಬೇಕು. ಸರ್ ಒಂದನ್ನು ಎತ್ತಿ ಓದುತ್ತಾರೆ, ಮಿಕ್ಕವರು ಸೇರಿ ಅದನ್ನು ಸಿಗಿಯುತ್ತಾರೆ. ಬರೆದವರು ತಮ್ಮದೆಂದು ತೋರಗೊಡದೆ ಕೂತಿರಬೇಕು. ಇಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ ಎಂದು ಸರ್‌ಗೆ ಬಹಳ ಹೆಮ್ಮೆ. ಸೆಮಿಸ್ಟರ್ ಕೊನೆಗೆ ಒಂದೇ ಒಂದು ಕಥೆಯನ್ನು ಆರಿಸಿ ವಾರ್ಷಿಕೋತ್ಸವದಲ್ಲಿ ಓದುತ್ತಿದ್ದರು.

ಆ ಒಂದು ಕಥೆ ನನ್ನದಾಗಬೇಕಿತ್ತು. ನನಗಾಗಿ ಅಲ್ಲವೆಂದರೆ ಸುಳ್ಳು, ಆದರೆ ನನಗಿಂತ ಹೆಚ್ಚಾಗಿ ಅಬ್ಬಾನಿಗಾಗಿ. ವಿಜಯಪುರದ ಕಡೆಯ ಕನ್ನಡ ಶಾಲೆಯಲ್ಲಿ ಓದಿ, ಭಾಂಡುಪ್‌ಗೆ ಬಂದು ಫ್ರಿಜ್ ರಿಪೇರಿಗೆ ನಿಂತವರು ಅವರು. ಮನೆಯಲ್ಲಿ ದಖ್ನಿ ಉರ್ದುವಾದರೂ ನನ್ನೊಡನೆ ಮಾತ್ರ ಹಟ ಹಿಡಿದು ಕನ್ನಡದಲ್ಲೇ ಮಾತಾಡುತ್ತಿದ್ದರು, ಅಕ್ಷರ ಕಲಿಸಿದವರೂ ಅವರೇ. "ನಿನ್ನ ಕಥಿ ಸ್ಟೇಜ್ ಮ್ಯಾಲೆ ಓದೂದು ನಾ ಕೇಳಬೇಕು ನೋಡು ಬೇಟಾ," ಎನ್ನುತ್ತಿದ್ದರು.

ನಾನು ಬರೆದದ್ದು ಅವರನ್ನೇ. ದೀಪದ ಬುಡದಲ್ಲಿ ಕತ್ತಲೆ ಎನ್ನುವಂತೆ, ಊರವರ ಫ್ರಿಜ್ ರಿಪೇರಿ ಮಾಡುವವನ ಮನೆಯ ಫ್ರಿಜ್ಜೇ ಕೆಟ್ಟಿದೆ. ಬಾಗಿಲು ನಿಲ್ಲದೆ ಹೆಂಡತಿಯ ಹಳೆಯ ದುಪಟ್ಟಾದಿಂದ ಕಟ್ಟಿದ್ದಾನೆ. ಭಾನುವಾರವಿಡೀ ಗಂಡ ಹೆಂಡತಿ ಅದಕ್ಕಾಗಿ ಜಗಳವಾಡಿ, ಸಂಜೆ ಮಗಳನ್ನೂ ಕೂರಿಸಿಕೊಂಡು ಕರಗಿದ ಐಸ್‌ಕ್ರೀಮನ್ನು ಬಟ್ಟಲಲ್ಲಿ ಕುಡಿಯುತ್ತಾರೆ. ಅಷ್ಟೇ ಕಥೆ.

ಅಬ್ಬಾ ಕಲಿಸಿದ್ದು ಪಠ್ಯಪುಸ್ತಕದ ಕನ್ನಡ. ಅಂಥ ಕನ್ನಡ ನನಗೆ ಬಂದೀತೆಂದು ತರಗತಿಯಲ್ಲಿ ಯಾರೂ ಎಣಿಸಿರಲಿಲ್ಲ, ಹಾಗಾಗಿ ಕಥೆ ನನ್ನದೆಂದು ಯಾರಿಗೂ ಹೊಳೆಯಲಿಲ್ಲ. ಘಾಟ್ಕೋಪರಿನ ಒಬ್ಬ ಹುಡುಗಿ ಮೂಗು ಮುರಿದಳು. "ಸರ್, ರೈಟರ್ ಮುಸ್ಲಿಮ್ಸ್ ಮನೆ ಒಳಗೆ ಹೋಗೇ ಇಲ್ಲ ಅನ್ಸತ್ತೆ. ಎಲ್ಲಾ ನಮ್ಮನೆ ಥರಾನೇ ಇದೆ!"

ಸರ್ ನನ್ನ ಕಡೆ ತಿರುಗಿದರು. "ನೀನೇ ಹೇಳಮ್ಮ, ನಿಮ್ಮವರಲ್ಲಿ ಹೀಗಿರತ್ತಾ?"

ತರಗತಿಯಲ್ಲಿ ನಾನೊಬ್ಬಳೇ ಮುಸಲ್ಮಾನರ ಹುಡುಗಿ. ಸಾಕ್ಷಿ ಹೇಳುವ ಕೆಲಸ ಯಾವಾಗಲೂ ನನ್ನದೇ. "ಇರ್ತದ ಸರ್," ಅಂದೆ.

"ಇರಬಹುದು, ಓದುಗ ನಂಬಲ್ಲ," ಎಂದು ಅವರು ಹಾಳೆಗಳನ್ನು ಮೇಜಿನ ಮೇಲೆ ಎಸೆದರು. "ಈ ತಂದೆ ಬರೀ ಸಪ್ಪೆ. ಎಲ್ಲರೂ ಇದೇ ಕಥೇನ ತಿದ್ದಿ ಬರ್ಕೊಂಡು ಬನ್ನಿ. ಚೆನ್ನಾಗಿರೋದನ್ನ ವಾರ್ಷಿಕೋತ್ಸವಕ್ಕೆ ತಗೊಳ್ಳೋಣ."

ನನ್ನ ಅಪ್ಪನನ್ನು ಇಡೀ ತರಗತಿಗೆ ಹೋಂವರ್ಕ್ ಮಾಡಿ ಹಂಚಿದರು. ಮೈಯೆಲ್ಲ ಉರಿಯಿತು. ಒಂದಕ್ಷರವೂ ತಿದ್ದದೆ ಅದೇ ಕಥೆಯನ್ನು ಮತ್ತೆ ಡಬ್ಬಿಗೆ ಹಾಕಿದೆ.

ಯಾವ ಕಥೆ ಆಯ್ಕೆಯಾಗಿದೆಯೆಂದು ಸಭೆಯಲ್ಲಿ ಓದುವವರೆಗೆ ಹೇಳುವ ಪದ್ಧತಿಯಿರಲಿಲ್ಲ. ಆಗದೆಯೂ ಇರಬಹುದು ಎಂದರೆ ಅಬ್ಬಾ ಕೇಳಲಿಲ್ಲ, ಈದ್‌ಗೆ ಹೊಲಿಸಿದ ಅಂಗಿ ತೊಟ್ಟು ಬಂದೇಬಿಟ್ಟರು. ಅವರ ಬಗ್ಗೆಯೇ ಬರೆದಿದ್ದೇನೆ ಎಂದಷ್ಟೇ ಹೇಳಿದ್ದೆ, ಓದಿ ತೋರಿಸಿರಲಿಲ್ಲ.

ಸರ್ ಓದತೊಡಗಿದರು. ಭಾಂಡುಪ್, ಕೆಟ್ಟ ಫ್ರಿಜ್, ದುಪಟ್ಟಾ ಕಟ್ಟಿದ ಬಾಗಿಲು. ಅಬ್ಬಾ ಮೊಣಕೈಯಿಂದ ತಿವಿದು ನಕ್ಕರು. ನಾನೂ ನಕ್ಕೆ. ಮುಂದಿನ ಪುಟದಲ್ಲಿ ಆ ಮನುಷ್ಯ ಬೆಲ್ಟು ಬಿಚ್ಚಿದ. ಮಗಳಿಗೆ ಹೊಡೆದ, ಅವಳ ಪುಸ್ತಕ ಸುಟ್ಟ, ಹೆಂಡತಿಗೆ ತಲಾಖ್ ಹೇಳಿದ. ಕೊನೆಗೆ ದುಪಟ್ಟಾ ಮಗಳ ಕೊರಳಿಗೇ ಬಂತು. ಅಚ್ಚುಕಟ್ಟಾದ ಕೆಲಸ, ಒಪ್ಪಲೇಬೇಕು.

"ಅಬ್ಬಾ, ಇದು..." ಎಂದು ಪಿಸುಗುಟ್ಟಿದೆ. ಅವರು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿದರು. ತಲೆ ತಗ್ಗಿಸಿಕೊಂಡು ಕೊನೆಯ ಸಾಲಿನವರೆಗೂ ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ಅಬ್ಬಾನೂ ತಟ್ಟಿದರು, ಉಳಿದವರು ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದರು.

"ಬರೆದವರು ಎದ್ದು ನಿಲ್ಲಲಿ," ಎಂದರು ಸರ್.

ಅಬ್ಬಾ ನನ್ನ ತೋಳು ಹಿಡಿದು ಎತ್ತಿದರು. "ಏಳು ಬೇಟಾ." ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಘಾಟ್ಕೋಪರಿನವಳು ಎದ್ದು ಎಲ್ಲರಿಗೂ ಕೈಮುಗಿದಳು. ಅವಳನ್ನೂ ಆ ಸರ್ ಅನ್ನೂ ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಆಸೆಯೂ ಇಲ್ಲ.

ವಾಪಸು ಬರುವಾಗ ಲೋಕಲ್ ರೈಲು ಕುರ್ಲಾ ದಾಟಿತು. ಆಮೇಲೆ ಅಬ್ಬಾ ಕೇಳಿದರು, "ಅದು ನಿಂದಲ್ಲೇನು?"

"ಅಲ್ಲ ಅಬ್ಬಾ. ನಾ ಹಂಗ್ಯಾಕ ಬರೀಲಿ? ನೀವು ಎಂದಾರ ನನ್ನ ಮ್ಯಾಲೆ ಕೈ ಎತ್ತೀರೇನು?"

"ಇಲ್ಲ ಅಂತನ ಅನಸ್ತದ," ಎಂದರು. "ಆದ್ರ ನೀನಽ ಬರದಿ ಅಂತ ತಿಳಕೊಂಡಿದ್ನಲ್ಲ. ಮಗಳು ಬರದಾಳ ಅಂದಮ್ಯಾಲೆ ಖರೇ ಇರಬೇಕು ಅಂತ... ಯಾವಾಗ ಹೊಡದಿದ್ದೆ, ಯಾವಾಗ ಹೊಡದಿದ್ದೆ ಅಂತ ಅಲ್ಲೇ ಕುಂತು ನೆನಸ್ಕೋತಿದ್ದೆ."